ಏಳು ಜನರ ಗೋಲ್ ಶೀಟ್ ತುಂಬ್ಬೇಕು, ಕ್ವಾಲಿಟಿಯವ್ರಿಗೆ ಏನಂತ ಬರೀಬೇಕು ಹೇಳ್ತೀರಾ?

ಪೀಣ್ಯ_ಕ್ಯೂಸಿ:

ಎಲ್ರಿಗೂ ನಮಸ್ಕಾರ. ಪೀಣ್ಯ ಸೆಕೆಂಡ್ ಸ್ಟೇಜಲ್ಲಿ ಒಂದು ಮಷಿನಿಂಗ್ ಕಂಪ್ನೀಲಿ ಕೆಲ್ಸ ನಂದು, ಗಾಡಿಗಳಿಗೆ ಹೋಗೋ ಪಾರ್ಟ್ಸ್ ಮಾಡ್ತೀವಿ, ನಾನು ಕ್ವಾಲಿಟಿ ಸೈಡು. ಈ ಏಪ್ರಿಲಿಂದ ಟೀಮ್ ಲೀಡ್ ಮಾಡಿದಾರೆ. ನನ್ ಕೆಳಗೆ ಏಳು ಜನ, ಇನ್‌ಕಮಿಂಗಲ್ಲಿ (ಹೊರಗಿಂದ ಬರೋ ಮಾಲು ಚೆಕ್ ಮಾಡೋದು) ಇಬ್ರು, ಲೈನ್ ಇನ್‌ಸ್ಪೆಕ್ಟರ್ಸ್ ಮೂರ್ ಜನ, ಸಿಎಂಎಂ ಮಷಿನ್ (ಪಾರ್ಟಿನ ಅಳತೆ ತುಂಬಾ ನಿಖರವಾಗಿ ತೆಗೆಯೋದು) ನೋಡ್ಕೊಳ್ಳೋ ಒಬ್ರು ಮೇಡಂ, ಕಸ್ಟಮರ್ ಕಂಪ್ಲೇಂಟು ಡಾಕ್ಯುಮೆಂಟು ಎಲ್ಲ ನೋಡೋ ಒಬ್ರು ಸೀನಿಯರ್. ಎಚ್‌ಆರ್ ಅವ್ರು ಒಂದು ಎಕ್ಸೆಲ್ ಕಳ್ಸಿ, ತಿಂಗಳ ಕೊನೆ ಒಳಗೆ ಎಲ್ರ ಗೋಲ್ಸ್ ತುಂಬಿ ಸೈನ್ ಹಾಕ್ಸಿ ಕೊಡಿ ಅಂದಿದಾರೆ.

ಹೋದ್ ವರ್ಷದ ಶೀಟ್ ತೆಗೆದು ನೋಡ್ದೆ, ಏಳೂ ಜನಕ್ಕೆ ಅದೇ ನಾಲ್ಕು ಸಾಲು. ರಿಜೆಕ್ಷನ್ ಕಡಿಮೆ ಮಾಡುವುದು, ಕಸ್ಟಮರ್ ಸ್ಯಾಟಿಸ್‌ಫ್ಯಾಕ್ಷನ್ ಹೆಚ್ಚಿಸುವುದು, ಟೀಮ್ ವರ್ಕ್, 5ಎಸ್ (ಕೆಲ್ಸದ ಜಾಗ ಅಚ್ಚುಕಟ್ಟಾಗಿ ಇಡೋದು). ಟಾರ್ಗೆಟ್ ಕಾಲಂ ಪೂರ್ತಿ ಖಾಲಿ. ಇದರ ಪರಿಣಾಮ ಮಾರ್ಚಲ್ಲಿ ಅಪ್ರೈಸಲ್ ಟೈಮಲ್ಲಿ ಗೊತ್ತಾಯ್ತು. ನಮ್ಮ ಲೈನ್ ಇನ್‌ಸ್ಪೆಕ್ಟರ್ ಹುಡ್ಗ ಒಬ್ಬ, ಹೋದ್ ನವೆಂಬರಲ್ಲಿ ಸೆಕೆಂಡ್ ಶಿಫ್ಟಲ್ಲಿ ಬೋರ್ (ಪಾರ್ಟ್ ಒಳಗಿನ ತೂತು) ಓವರ್‌ಸೈಜ್ ಬರ್ತಿರೋದನ್ನ ಹಿಡ್ದ, ಹೊರಗೆ ಲೋಡಿಂಗ್‌ಗೆ ಗಾಡಿ ನಿಂತಿತ್ತು, ಪ್ರೊಡಕ್ಷನ್ ಸೂಪರ್‌ವೈಸರ್ ಬಾಯಿಗೆ ಬಂದಂಗೆ ಬೈದ್ರು, ಆದ್ರೂ ಲಾಟ್ ಬಿಡ್ಲಿಲ್ಲ, ರೆಡ್ ಟ್ಯಾಗ್ ಹಾಕಿ ನಿಲ್ಸಿದ. ಬೆಳಿಗ್ಗೆ ಸಿಎಂಎಂಗೆ ಹಾಕಿ ನೋಡಿದ್ರೆ ಅವ್ನು ಹೇಳಿದ್ದೇ ಸರಿ. ಅದು ಕಸ್ಟಮರ್ ಅಸೆಂಬ್ಲಿ ಲೈನಿಗೆ ಹೋಗಿದ್ರೆ ಏನಾಗ್ತಿತ್ತು ಅಂತ ಈ ಫೀಲ್ಡಲ್ಲಿ ಇರೋರಿಗೆ ಗೊತ್ತು. ಆದ್ರೆ ಇದು ಯಾವ ಶೀಟಲ್ಲೂ ಇಲ್ಲ, ರೇಟಿಂಗ್ ಕೊಟ್ಟೋರಿಗೆ ನೆನಪಿಲ್ಲ, ಅವನಿಗೂ 3, ಎಲ್ರಿಗೂ 3, ಸಂಬಳದ ಹೈಕೂ ಒಂದೇ. ಈಗ ಬೇರೆ ಕಡೆ ಇಂಟರ್‌ವ್ಯೂ ಕೊಡ್ತಿದಾನೆ. ಇಂಥ ಹುಡ್ಗನ್ನ ಕಳ್ಕೊಳ್ಳೋಕೆ ನಂಗೆ ಇಷ್ಟ ಇಲ್ಲ.

ಅದಕ್ಕೇ ಕೇಳ್ತಿರೋದು. ಇನ್‌ಸ್ಪೆಕ್ಷನ್ ಮಾಡೋರಿಗೆ ನಂಬರ್ ಹಾಕೋದು ಹೇಗೆ, ಪಾರ್ಟ್ ಕೆಡ್ಸೋದು ಮಷಿನ್ನು ಆಪರೇಟರ್ರು, ಅದರ ನಂಬರ್ ಇವ್ರ ತಲೆ ಮೇಲೆ ಹಾಕಿದ್ರೆ ನ್ಯಾಯನಾ? ವರ್ಷಪೂರ್ತಿ ಬರ್ದಿಡೋದು ಅಂದ್ರೆ ಏನ್ ಬರೀಬೇಕು, ಎಲ್ಲಿ ಬರೀಬೇಕು? ಸಿಎಂಎಂ ಮೇಡಂ ಆಗಸ್ಟಿಂದ ಮೆಟರ್ನಿಟಿ ಲೀವಿಗೆ ಹೋಗ್ತಾರೆ, ಅವರ ಶೀಟ್ ಏನ್ ಮಾಡ್ಲಿ? ಇನ್ನೊಂದು, ಆ ಸೀನಿಯರ್ ನನಗಿಂತ ತುಂಬಾ ದೊಡ್ಡೋರು, ಅವರೇ ನಂಗೆ ಮೈಕ್ರೋಮೀಟರ್ ಹಿಡಿಯೋದು ಹೇಳ್ಕೊಟ್ಟೋರು, ಅವ್ರ ಎದುರು ಕೂತು ಸರ್ ಇದು ನಿಮ್ಮ ಟಾರ್ಗೆಟ್ ಅಂತ ಹೇಗೆ ಹೇಳೋದು. ಅನುಭವ ಇರೋರು ದಯವಿಟ್ಟು ಬರೀರಿ.

ಮೈಕ್ರಾನ್_ಮಾಸ್ಟರ್:

ಒಳ್ಳೇ ಪ್ರಶ್ನೆ, ಸ್ವಲ್ಪ ಉದ್ದ ಆಗುತ್ತೆ ಓದ್ಕೊಳ್ಳಿ. ಕ್ವಾಲಿಟಿಯಲ್ಲಿ ಕೆಲ್ಸ ಮಾಡಿ ಈಗ ಸಪ್ಲೈಯರ್ ಆಡಿಟ್ ಮಾಡ್ತೀನಿ, ಈ ಕಾಪಿ ಪೇಸ್ಟ್ ಗೋಲ್ ಶೀಟ್ ನೋಡದ ಕಂಪ್ನಿ ಕಮ್ಮಿ.

ನೀವು ಹೊಸ ಫಾರ್ಮ್ಯಾಟ್ ಹುಡ್ಕೋ ಅಗತ್ಯವೇ ಇಲ್ಲ. ಆಟೋ ಪಾರ್ಟ್ಸ್ ಅಂದಮೇಲೆ ಐಎಟಿಎಫ್ 16949 (ಗಾಡಿ ಪಾರ್ಟ್ಸ್ ಮಾಡೋರ ಕ್ವಾಲಿಟಿ ಸ್ಟ್ಯಾಂಡರ್ಡ್) ಇರ್ಬೇಕು, ಅದರ ಬುಡದಲ್ಲಿ ಐಎಸ್‌ಒ 9001. ಅದರ 2015ರ ಎಡಿಷನ್ನಲ್ಲಿ ಕ್ಲಾಜ್ 6.2 ತೆಗೆದು ಓದಿ, ಕ್ವಾಲಿಟಿ ಆಬ್ಜೆಕ್ಟಿವ್ಸ್ ಬಗ್ಗೆ ಇರೋದು. ಏನು ಮಾಡ್ತೀವಿ, ಅದಕ್ಕೆ ಏನೇನು ಬೇಕು, ಯಾರ ಜವಾಬ್ದಾರಿ, ಯಾವಾಗ ಮುಗಿಯುತ್ತೆ, ರಿಸಲ್ಟ್ ಹೇಗೆ ಅಳೀತೀವಿ, ಈ ಐದೂ ಇರ್ಬೇಕು ಅನ್ನುತ್ತೆ, ಬರವಣಿಗೆಯಲ್ಲೂ ಇರ್ಬೇಕು ಅನ್ನುತ್ತೆ. ಕಂಪ್ನಿಗೆ ಬರೆದಿರೋದು ಅದು, ಆದ್ರೆ ಒಬ್ಬ ಮನುಷ್ಯನ ಗೋಲಿಗೂ ಅಕ್ಷರಶಃ ಹೊಂದುತ್ತೆ. ಎಚ್‌ಆರ್ ಎಕ್ಸೆಲಲ್ಲಿ ಯಾವಾಗ್ಲೂ ಬಿಟ್ಟುಹೋಗೋದು ಎರಡನೇದು. ಗೋಲ್ ಕೊಟ್ಟೋರು ಅದಕ್ಕೆ ಬೇಕಾದ್ದನ್ನೂ ಕೊಡ್ಬೇಕಲ್ವಾ, ಅದು ಕಾಗದದ ಮೇಲೆ ಇರ್ಬೇಕು. ನಿಮ್ಮ ಶೀಟಿಗೆ ಎರಡು ಕಾಲಂ ನೀವೇ ಸೇರ್ಸಿ, ಒಂದು ಈಗ ಎಷ್ಟಿದೆ, ಇನ್ನೊಂದು ಈ ನಂಬರ್ ಯಾವ ರಿಜಿಸ್ಟರಿಂದ ಬರುತ್ತೆ. ಯಾವ ರಿಜಿಸ್ಟರಿಂದ ಅಂತ ಬರಿಯೋಕೆ ಆಗ್ದೇ ಇರೋ ಗೋಲು ಮಾರ್ಚಲ್ಲಿ ಜಗಳಕ್ಕೇ ಬರೋದು, ಅಂಥದ್ದು ಹಾಕ್ಲೇಬೇಡಿ.

ಈಗ ಮುಖ್ಯ ವಿಷ್ಯ. ಲೈನ್ ಇನ್‌ಸ್ಪೆಕ್ಟರ್‌ಗೆ "ರಿಜೆಕ್ಷನ್ ಕಡಿಮೆ ಮಾಡು" ಅಂತ ಯಾವತ್ತೂ ಗೋಲ್ ಕೊಡ್ಬೇಡಿ. ಅವನ ಕೆಲ್ಸವೇ ಕೆಟ್ಟದ್ದನ್ನ ಹಿಡಿಯೋದು. ಹಿಡಿದಷ್ಟೂ ಅವನ ರೇಟಿಂಗ್ ಬೀಳುತ್ತೆ ಅಂತಾದ್ರೆ ಬಾರ್ಡರಲ್ಲಿರೋ ಪೀಸ್ ಎಲ್ಲ ಓಕೆ ಆಗುತ್ತೆ, ರಿಜೆಕ್ಷನ್ ಗ್ರಾಫ್ ಚೆನ್ನಾಗಿ ಕೆಳಗಿಳಿಯುತ್ತೆ, ಕಸ್ಟಮರ್ ಕಂಪ್ಲೇಂಟು ಮೇಲೇರುತ್ತೆ. ನಿಮ್ಮ ಆ ಹುಡ್ಗ ನವೆಂಬರಲ್ಲಿ ಮಾಡಿದ್ದು ಹೋದ್ ವರ್ಷದ ಶೀಟಿನ ಪ್ರಕಾರ ಗೋಲಿಗೆ ವಿರುದ್ಧವಾದ ಕೆಲ್ಸ, ಗಮನಿಸಿದ್ರಾ? ಲಾಟ್ ನಿಲ್ಸಿ ರಿಜೆಕ್ಷನ್ ಜಾಸ್ತಿ ಮಾಡ್ದ. ರಿಜೆಕ್ಷನ್ ನಂಬರ್ ಪ್ರೊಡಕ್ಷನ್ನಿಗೆ ಕೊಡಿ. ಇವನಿಗೆ ಕೊಡ್ಬೇಕಾದ್ದು ಅವನ ಕೈಯಲ್ಲಿ ಇರೋದು: ಸೆಟ್ಟಿಂಗ್ ಆದ್ಮೇಲೆ ಫಸ್ಟ್ ಪೀಸ್ ಅಪ್ರೂವಲ್ ಇಲ್ದೆ ಲೈನ್ ಓಡಿದ್ದು ಎಷ್ಟು ಸಲ, ಕಂಟ್ರೋಲ್ ಪ್ಲಾನಲ್ಲಿ (ಯಾವ ಅಳತೆ ಎಷ್ಟು ಹೊತ್ತಿಗೊಮ್ಮೆ ನೋಡ್ಬೇಕು ಅನ್ನೋ ಪಟ್ಟಿ) ಇರೋ ಹಾಗೆ ಪ್ಯಾಟ್ರೋಲ್ ಚೆಕ್ (ಲೈನಲ್ಲಿ ಸುತ್ತಿ ಪೀಸ್ ಅಳೆಯೋದು) ಮಾಡಿ ಎಂಟ್ರಿ ಹಾಕಿದ್ದು ಎಷ್ಟು ಪರ್ಸೆಂಟು, ಅವನ ಸ್ಟೇಜಲ್ಲಿ ಸಿಗ್ಬೇಕಾಗಿದ್ದು ತಪ್ಪಿಸ್ಕೊಂಡು ಫೈನಲಲ್ಲೋ ಕಸ್ಟಮರ್ ಹತ್ರವೋ ಸಿಕ್ಕಿದ್ದು ಎಷ್ಟು, ಅಳತೆ ಔಟ್ ಬಂದಾಗ ರಿಯಾಕ್ಷನ್ ಪ್ಲಾನ್ (ಆಗ ಏನೇನು ಮಾಡ್ಬೇಕು ಅನ್ನೋದು) ಪ್ರಕಾರ ಹಿಂದಿನ ಚೆಕ್‌ವರೆಗಿನ ಮಾಲು ಬೇರೆ ಇಟ್ಟಿದಾನಾ.

ಅದಕ್ಕೂ ಮುಂಚೆ ಗೇಜ್ ನೋಡಿ. ಗೇಜ್ ಆರ್ ಅಂಡ್ ಆರ್ (ಅಳತೆಯಲ್ಲಿ ಗೇಜಿಂದ, ಅಳೆಯೋರಿಂದ ಬರೋ ವ್ಯತ್ಯಾಸ) 10 ಪರ್ಸೆಂಟ್ ಒಳಗಿದ್ರೆ ಸರಿ, 30 ದಾಟಿದ್ರೆ ಆ ಗೇಜಲ್ಲಿ ಅಳೆದ ರೀಡಿಂಗನ್ನೇ ನಂಬೋ ಹಾಗಿಲ್ಲ, ಅಂಥ ಗೇಜ್ ಕೊಟ್ಟು ಇನ್‌ಸ್ಪೆಕ್ಟರ್‌ಗೆ ಮಾರ್ಕ್ಸ್ ಹಾಕೋದು ಅನ್ಯಾಯ. ಗೇಜ್ ಸ್ಟಡಿ ಮತ್ತೆ ಕ್ಯಾಲಿಬ್ರೇಷನ್ ಡ್ಯೂ ಡೇಟ್ ತಪ್ಪದ ಹಾಗೆ ನೋಡೋದು ಸಿಎಂಎಂ ಮೇಡಂ ಶೀಟಿಗೆ ಒಳ್ಳೇ ಗೋಲ್, ಅವರೇ ಅದನ್ನ ನೋಡ್ತಿದ್ರೆ.

ಪಿಪಿಎಂ (ಹತ್ತು ಲಕ್ಷಕ್ಕೆ ಎಷ್ಟು ಕೆಟ್ಟ ಪೀಸು) ಬಗ್ಗೆ ಒಂದು ಮಾತು, ಇದರಲ್ಲಿ ಎಲ್ಲ ಕಡೆ ಎಡವ್ತಾರೆ. ತಿಂಗಳಿಗೆ 20,000 ಪೀಸ್ ಕಳ್ಸೋ ಕಡೆ ಒಂದೇ ಒಂದು ಪೀಸ್ ವಾಪಸ್ ಬಂದ್ರೆ 50 ಪಿಪಿಎಂ. ಅಲ್ಲಿ ತಿಂಗಳಿಗೆ 25 ಪಿಪಿಎಂ ಟಾರ್ಗೆಟ್ ಅಂತ ಬರೆದ್ರೆ ಏನರ್ಥ, ಒಂದೋ ಸೊನ್ನೆ ಇಲ್ಲಾ ಫೇಲು. ಹನ್ನೆರಡು ತಿಂಗಳದ್ದು ಒಟ್ಟಿಗೆ ತಗೊಳ್ಳಿ, 2,40,000 ಪೀಸಿಗೆ 25 ಅಂದ್ರೆ ವರ್ಷಕ್ಕೆ ಆರು ಪೀಸು, ಆಗ ನಂಬರಿಗೆ ಅರ್ಥ ಬರುತ್ತೆ. ಅದನ್ನೂ ಪೂರ್ತಿ ಡಿಪಾರ್ಟ್‌ಮೆಂಟಿಗೆ ಇಡಿ, ಒಬ್ಬರ ಮೇಲೆ ಬೇಡ.

ಕುಡ್ಲದ_ಎಚ್‌ಆರ್:

ನಾನು ಮಂಗಳೂರಲ್ಲಿ ಎಚ್‌ಆರ್. ಮೇಲೆ ಸರ್ ಗೋಲ್ ಬಗ್ಗೆ ಸರಿಯಾಗಿ ಹೇಳಿದ್ದಾರೆ, ನಾನು ಬರೆದಿಡುವ ವಿಷಯ ಮಾತ್ರ ಹೇಳ್ತೇನೆ, ಯಾಕಂದ್ರೆ ಜಗಳ ಆಗಿ ಫೈಲ್ ನನ್ನ ಟೇಬಲಿಗೆ ಬಂದಾಗ ಒಳಗೆ ಏನೂ ಇರುವುದಿಲ್ಲ, ಅದು ನನಗೆ ನಿಜಕ್ಕೂ ಬೇಜಾರಾಗುವ ಸಂಗತಿ.

ಮೊದಲನೆಯದಾಗಿ ಶೀಟ್ ನೀವೊಬ್ರೇ ಕೂತು ತುಂಬಿ ಸೈನಿಗೆ ಕಳಿಸ್ಬೇಡಿ. ಒಬ್ಬೊಬ್ಬರ ಜೊತೆ ಕೂತು ಮಾತಾಡಿ, ಅವರ ಎದುರೇ ಟೈಪ್ ಮಾಡಿ, ಅವತ್ತೇ ಮೇಲ್ ಹಾಕಿ, "ಇವತ್ತು ಮಾತಾಡಿದ್ದು ಇದು, ಏನಾದ್ರೂ ಬಿಟ್ಟಿದ್ರೆ ತಿಳಿಸಿ" ಅಂತ. ಶಾಪ್ ಫ್ಲೋರಲ್ಲಿ ಮೇಲ್ ಐಡಿ ಇಲ್ಲದವರಿಗೆ ಪ್ರಿಂಟ್ ತೆಗೆದು ಒಂದು ಕಾಪಿ ಅವರ ಕೈಗೆ ಕೊಡಿ. ಕನ್ನಡದಲ್ಲೇ ಬರೆಯಿರಿ ಅವರಿಗೆ ಇಂಗ್ಲಿಷ್ ಕಷ್ಟ ಆದ್ರೆ, ಸೈನ್ ಹಾಕಿದವನಿಗೆ ತಾನು ಯಾವುದಕ್ಕೆ ಹಾಕಿದ್ದು ಅಂತ ಗೊತ್ತಿರ್ಬೇಕಲ್ಲ. ಎಚ್‌ಆರ್ ಬೇಡ ಅಂದ್ರೆ ಇಂಗ್ಲಿಷ್ ಶೀಟಿನ ಹಿಂದೆ ಕನ್ನಡದ್ದು ಪಿನ್ ಮಾಡಿ.

ವರ್ಷದ ಮಧ್ಯೆ ಬರೆಯುವುದಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಡ, ಒಬ್ಬರಿಗೆ ಒಂದು ಪುಟ, ತಿಂಗಳಿಗೊಮ್ಮೆ ಕೂತಾಗ ನಾಲ್ಕು ಸಾಲು ಸಾಕು. ಆದ್ರೆ ಆ ನಾಲ್ಕು ಸಾಲಲ್ಲಿ ಗುಣವಿಶೇಷಣ ಬೇಡ. "ಆಟಿಟ್ಯೂಡ್ ಸರಿ ಇಲ್ಲ", "ಕೇರ್‌ಲೆಸ್", "ಸೂಪರ್ ಕೆಲಸ" ಇದೆಲ್ಲ ಆರು ತಿಂಗಳ ಮೇಲೆ ಓದಿದ್ರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ ನೋಡಿ:

"ಜುಲೈ 8, ಸೆಕೆಂಡ್ ಶಿಫ್ಟ್. ಎರಡು ಗಂಟೆಗೊಮ್ಮೆ ಮಾಡಬೇಕಾದ ಬೋರ್ ಚೆಕ್ ಸಂಜೆ 6ಕ್ಕೆ, 8ಕ್ಕೆ ಎಂಟ್ರಿ ಆಗಿಲ್ಲ. ಕೇಳಿದಾಗ ಏರ್ ಗೇಜ್ ಬೇರೆ ಲೈನಿಗೆ ಹೋಗಿತ್ತು, ವಾಪಸ್ ಬರಲಿಲ್ಲ ಎಂದರು. ಆ ಲೈನಿನ ಲಾಗ್‌ಬುಕ್ ನೋಡಿದೆ, ನಿಜ. ಇನ್ನು ಮುಂದೆ ಗೇಜ್ ಸಿಗದಿದ್ದರೆ ನನಗೆ ತಕ್ಷಣ ಫೋನ್ ಮಾಡುವುದಾಗಿ ಒಪ್ಪಿದರು. ಎರಡನೇ ಏರ್ ಗೇಜಿಗೆ ರಿಕ್ವಿಸಿಷನ್ ಹಾಕುವುದು ನನ್ನ ಜವಾಬ್ದಾರಿ, ಜುಲೈ 15ರೊಳಗೆ."

ಇದರಲ್ಲಿ ಬೈಗುಳವೂ ಇಲ್ಲ ಹೊಗಳಿಕೆಯೂ ಇಲ್ಲ. ಏನಾಯ್ತು, ಅವರು ಏನು ಹೇಳಿದ್ರು, ನೀವು ಪರಿಶೀಲಿಸಿದ್ದು, ಅವರು ಮಾಡುವುದು, ನೀವು ಮಾಡುವುದು, ಎಲ್ಲ ಉಂಟು. ಲೀಡ್ ಆದವರು ತಾವು ಒಪ್ಪಿಕೊಂಡದ್ದನ್ನೂ ಬರೆಯುವುದು ನನಗೆ ಬಹಳ ಮುಖ್ಯ ಅನ್ನಿಸ್ತದೆ, ಇಲ್ಲದಿದ್ರೆ ಆ ಪುಟ ಬರೀ ಆರೋಪಪಟ್ಟಿ ಆಗಿಬಿಡ್ತದೆ, ಜನ ಅದನ್ನ ನೋಡಿದ್ರೆ ಹೆದರ್ತಾರೆ. ಒಳ್ಳೆಯದಾದಾಗಲೂ ಇದೇ ರೀತಿ. ನಿಮ್ಮ ಹುಡುಗನದ್ದು ಲಾಟ್ ನಂಬರ್, ರೆಡ್ ಟ್ಯಾಗ್ ನಂಬರ್, ಸಿಎಂಎಂ ರಿಪೋರ್ಟ್ ನಂಬರ್ ಹಾಕಿ ಈಗಲಾದ್ರೂ ಬರೆದು ಅವನ ಫೈಲಿಗೆ ಸೇರಿಸಿ, ಪ್ಲಾಂಟ್ ಹೆಡ್‌ಗೆ ಕಾಪಿ ಹಾಕಿ. ಹೈಕ್ ಬದಲಾಗ್ತದೆ ಅಂತ ಹೇಳ್ಲಿಕ್ಕೆ ಆಗುವುದಿಲ್ಲ, ಆದ್ರೆ ಅವನು ಇಂಟರ್‌ವ್ಯೂಗೆ ಹೋಗುವುದಕ್ಕೆ ಕಾರಣ ಬರೀ ದುಡ್ಡು ಅಲ್ಲ ಅಂತ ನನ್ನ ಅಂದಾಜು.

ಗೋಲ್ ಮಧ್ಯದಲ್ಲಿ ಬದಲಾದ್ರೆ ಹಳೆಯದನ್ನ ಅಳಿಸಿ ಹೊಸದು ಬರೆಯಬೇಡಿ. ಹಳೆಯ ಸಾಲು ಹಾಗೇ ಇರ್ಲಿ, ಕೆಳಗೆ ತಾರೀಕು ಹಾಕಿ ಯಾಕೆ ಬದಲಾಯ್ತು ಅಂತ ಒಂದು ಸಾಲು, ಇಬ್ಬರ ಸೈನು.

ಮೆಟರ್ನಿಟಿ ವಿಷಯ: 2017ರ ತಿದ್ದುಪಡಿ ಆದ ಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ ರಜೆ. ಆ ರಜೆಯಲ್ಲಿ ಇರುವಾಗ ಕೆಲಸದ ಷರತ್ತುಗಳನ್ನ ಅವರಿಗೆ ನಷ್ಟ ಆಗುವ ಹಾಗೆ ಬದಲಾಯಿಸುವುದಕ್ಕೆ ಕಾನೂನು ಬಿಡುವುದಿಲ್ಲ. ಹಾಗಾಗಿ ಏಪ್ರಿಲಿಂದ ಜುಲೈ ತನಕದ ಗೋಲ್ ಮಾತ್ರ ಬರೆಯಿರಿ, ಜುಲೈ ಕೊನೆಗೆ ಕೂತು ರಿವ್ಯೂ ಮುಗಿಸಿ ಸೈನ್ ಮಾಡಿ ಇಡಿ, ವಾಪಸ್ ಬಂದ ಮೇಲೆ ಉಳಿದ ತಿಂಗಳಿಗೆ ಹೊಸದಾಗಿ ಬರೆಯಿರಿ. ಇಡೀ ವರ್ಷದ ಟಾರ್ಗೆಟ್ ಇಟ್ಟು ಮಾರ್ಚಲ್ಲಿ "ಅರ್ಧ ಮಾತ್ರ ಆಗಿದೆ" ಅಂತ ರೇಟಿಂಗ್ ಇಳಿಸುವುದು ಮಹಾ ತಪ್ಪು. ಇದನ್ನ ಈಗಲೇ ನಿಮ್ಮ ಎಚ್‌ಆರ್‌ಗೆ ಮೇಲ್ ಹಾಕಿ ಒಪ್ಪಿಗೆ ತಗೊಳ್ಳಿ, ಮಾರ್ಚಿಗೆ ನೀವು ಅದೇ ಸೀಟಲ್ಲಿ ಇರ್ತೀರಿ ಅಂತ ಏನು ಗ್ಯಾರಂಟಿ.

ಉದ್ಯಮಬಾಗ್_ಫೌಂಡ್ರಿ:

ನಾ ಬೆಳಗಾವಿಯಾಗ ಫೌಂಡ್ರಿ ಒಳಗ ಕೆಲಸ ಮಾಡಾಂವ. ಎಲ್ಲಾರೂ ನಂಬರ್ ಹೆಂಗ ಹಾಕೂದು ಅಂತ ಹೇಳಾಕತ್ತೀರಿ, ನಾ ಬ್ಯಾರೆ ಮಾತ ಹೇಳ್ತೀನ್ರಿ, ಸಿಟ್ಟ ಮಾಡ್ಕೋಬ್ಯಾಡ್ರಿ. ಮನಶ್ಯಾಗ ನಂಬರ್ ಕಟ್ಟೂದ ತಪ್ಪು. ಕ್ವಾಲಿಟಿ ಮಂದಿ ಅಂದಮ್ಯಾಲ ಡೆಮಿಂಗ್ ಹೆಸರು ಕೇಳಿರ್ತೀರಿ, 1950ರಾಗ ಜಪಾನಕ್ಕ ಹೋಗಿ ಪಾಠಾ ಮಾಡಿದಾಂವ. ಅಂವಾ ಹೇಳಿದ 14 ಮಾತಿನ್ಯಾಗ ಶಾಪ್ ಫ್ಲೋರ್ ಕೋಟಾ ತಗೀರಿ, ವರ್ಷಾ ಮಾಡೂ ಮೆರಿಟ್ ರೇಟಿಂಗ್ ತಗೀರಿ ಅಂತನ ಐತಿ. ಯಾಕಂದ್ರ ತಪ್ಪು ಆಗೂದು ಬಾಳ ಮಟ್ಟಿಗೆ ಸಿಸ್ಟಮ್ಮಿನಿಂದ, ಮನಶ್ಯಾನಿಂದ ಅಲ್ಲ. ನಮ್ಮಲ್ಲಿ ಸ್ಯಾಂಡ್ ಮಾಯಿಶ್ಚರ್ ಹೆಚ್ಚು ಕಡಿಮಿ ಆದ್ರ ಎರಕದಾಗ ಬ್ಲೋ ಹೋಲ್ (ಗಾಳಿ ತೂತು) ಬರ್ತಾವ್ರಿ, ಮೋಲ್ಡರ್ ಎಷ್ಟ ಶ್ಯಾಣ್ಯಾ ಇದ್ರೂ ಏನ್ ಮಾಡ್ತಾನ?

ಟಾರ್ಗೆಟ್ ಹೆಚ್ಚಾದ್ರ ಏನ ಆಗ್ತೈತಿ ನೋಡ್ಬೇಕಂದ್ರ ಅಮೆರಿಕಾದ ವೆಲ್ಸ್ ಫಾರ್ಗೋ ಬ್ಯಾಂಕ್ ನೋಡ್ರಿ. ಒಬ್ಬ ಗಿರಾಕಿಗೆ ಎಂಟು ಪ್ರಾಡಕ್ಟ್ ಮಾರ್ಬೇಕು ಅಂತ ಹಿಂದ ಬಿದ್ರು, ಮಂದಿ ಗಿರಾಕಿಗೆ ಗೊತ್ತಿಲ್ದಂಗ ಲಕ್ಷಗಟ್ಲೆ ಖಾತೆ ತಗದ್ರು. 2016ರಾಗ 18.5 ಕೋಟಿ ಡಾಲರ್ ದಂಡಾ ಬಿತ್ತು, ಸುಮಾರು 5,300 ಮಂದಿನ್ನ ಕೆಲಸದಿಂದ ತಗದಿದ್ರು. ಟಾರ್ಗೆಟ್ ಇಟ್ಟಾವರು ಮ್ಯಾಲ ಕುಂತಿದ್ರು, ಮೊದಲ ಕೆಲಸಾ ಹೋಗಿದ್ದು ಕೆಳಗಿನವರದು.

ನಾ ಹೇಳೂದ ಇಷ್ಟ, ನಂಬರ್ ಪ್ರೊಸೆಸ್ಸಿಗೆ ಕೊಡ್ರಿ, ಮನಶ್ಯಾಗ ಕಲಿಯೂದು ಕೊಡ್ರಿ. ನಿಮ್ಮಲ್ಲಿ ಸ್ಕಿಲ್ ಮ್ಯಾಟ್ರಿಕ್ಸ್ (ಯಾರಿಗೆ ಯಾವ ಕೆಲಸಾ ಬರ್ತೈತಿ ಅನ್ನೂ ಪಟ್ಟಿ) ಗ್ವಾಡಿ ಮ್ಯಾಲ ತೂಗ ಹಾಕಿರಬೇಕು, ಆಡಿಟ್ ಬಂದಾಗಷ್ಟ ನೋಡ್ತಾರ ಅದನ್ನ. ಅದನ್ನ ಇಳಿಸ್ರಿ, ಈ ಹುಡುಗ ಈ ವರ್ಷ ಸಿಎಂಎಂ ಬೇಸಿಕ್ ಕಲೀತಾನ, ಆ ಹುಡುಗ ಇನ್‌ಕಮಿಂಗ್ ಕಲೀತಾನ ಅಂತ ಗೋಲ್ ಬರೀರಿ. ಮೇಡಂ ರಜಾ ಹೋದ್ರ ಮಷಿನ್ ಯಾರ ನಡಸ್ತಾರ, ಅದಕ್ಕೂ ಉತ್ತರಾ ಸಿಗ್ತೈತಿ.

ಮೈಕ್ರಾನ್_ಮಾಸ್ಟರ್:

ಉದ್ಯಮಬಾಗ್ ಸರ್, ಸಿಟ್ಟು ಯಾಕೆ, ಅರ್ಧಕ್ಕಿಂತ ಜಾಸ್ತಿ ಒಪ್ತೀನಿ. ಸಿಎಂಎಂ ಕಲಿಸೋ ಐಡಿಯಾ ಅಂತೂ ನಂಗೆ ಹೊಳೆದಿರ್ಲಿಲ್ಲ, ತುಂಬಾ ಚೆನ್ನಾಗಿದೆ. ಆದ್ರೆ ನಂಬರೇ ಬೇಡ ಅನ್ನೋದಕ್ಕೆ ನನ್ನ ಒಪ್ಪಿಗೆ ಇಲ್ಲ. ಎಡ್ವಿನ್ ಲಾಕ್, ಗ್ಯಾರಿ ಲ್ಯಾಥಮ್ ಅಂತ ಇಬ್ರು ದಶಕಗಳ ಕಾಲ ಇದನ್ನೇ ಸ್ಟಡಿ ಮಾಡಿದೋರು, "ನಿನ್ನ ಕೈಲಾದಷ್ಟು ಮಾಡು" ಅಂದಾಗಿಂತ ಸ್ಪಷ್ಟವಾದ, ಸ್ವಲ್ಪ ಕಷ್ಟವಾದ ಗುರಿ ಇಟ್ಟಾಗ ಜನ ಚೆನ್ನಾಗಿ ಮಾಡ್ತಾರೆ ಅಂತ ತೋರ್ಸಿದಾರೆ. ಅವರೇ ಷರತ್ತೂ ಹೇಳ್ತಾರೆ, ಆ ಮನುಷ್ಯ ಗುರಿ ಒಪ್ಕೊಂಡಿರ್ಬೇಕು, ಎಲ್ಲಿದೀನಿ ಅಂತ ಆಗಾಗ ಗೊತ್ತಾಗ್ತಿರ್ಬೇಕು. ಪ್ರಶ್ನೆ ಕೇಳಿದೋರ ಹತ್ರ ನಂಬರ್ ಇಲ್ದೆ ಇದ್ದಿದ್ದಕ್ಕೇ ಆ ಹುಡ್ಗನಿಗೆ ಅನ್ಯಾಯ ಆಗಿದ್ದು ಅನ್ನೋದನ್ನೂ ಮರೀಬಾರ್ದು. ಜೊತೆಗೆ ಎಕ್ಸೆಲ್ ತುಂಬಿ ಕೊಡ್ದೆ ಇರೋ ಅಧಿಕಾರ ಒಬ್ಬ ಟೀಮ್ ಲೀಡ್‌ಗೆ ಎಲ್ಲಿರುತ್ತೆ, ಇರೋ ಎಕ್ಸೆಲಲ್ಲೇ ನ್ಯಾಯವಾದ್ದು ಬರಿಯೋದು ಹೇಗೆ ಅಂತ ನೋಡ್ಬೇಕು.

ವೈಟ್‌ಫೀಲ್ಡ್_ವಾಸಿ:

ನಾನು ಐಟಿ, ಫ್ಯಾಕ್ಟರಿ ಗೊತ್ತಿಲ್ಲ, ಆದ್ರೆ ರೇಟಿಂಗ್ ತಗೊಳ್ಳೋ ಕಡೆ ಕೂತಿರೋನು, ಆ ಕಡೆಯಿಂದ ಹೇಳ್ತೀನಿ.

ಮಾರ್ಚಲ್ಲಿ ಸೆಲ್ಫ್ ಅಪ್ರೈಸಲ್ ಬರೀರಿ ಅಂತ ಬಂದಾಗ ಯಾರಿಗೂ ಜನವರಿಗಿಂತ ಹಿಂದಿನದು ನೆನಪಿರಲ್ಲ, ಮ್ಯಾನೇಜರ್‌ಗೂ ಅಷ್ಟೇ. ಹಾಗಾಗಿ ಏಪ್ರಿಲ್ ಮೇನಲ್ಲಿ ಜೀವ ತೇಯ್ದು ಮಾಡಿದ್ದು ಲೆಕ್ಕಕ್ಕೇ ಇಲ್ಲ, ಫೆಬ್ರವರಿಯಲ್ಲಿ ಆದ ಒಂದು ಸಣ್ಣ ತಪ್ಪು ಪೂರ್ತಿ ವರ್ಷದ ಹಣೆಬರಹ. ನೀವು ಲೀಡ್ ಆಗಿ ಬರ್ದಿಡೋದರ ಜೊತೆಗೆ ಆ ಏಳೂ ಜನಕ್ಕೆ ಅವರವರದ್ದು ಅವರೇ ಬರ್ಕೊಳ್ಳೋಕೆ ಹೇಳಿ. ಪಾಕೆಟ್ ಡೈರಿ ಸಾಕು, ತಾರೀಕು, ಏನ್ ಮಾಡ್ದೆ, ಯಾವ ರಿಪೋರ್ಟಲ್ಲಿ ಇದೆ. ಒಂದು ಎಚ್ಚರಿಕೆ, ಡ್ರಾಯಿಂಗ್ ಫೋಟೋ, ಕಸ್ಟಮರ್ ರಿಪೋರ್ಟ್ ಎಲ್ಲ ಪರ್ಸನಲ್ ವಾಟ್ಸಾಪ್‌ಗೋ ಜಿಮೇಲ್‌ಗೋ ಕಳಿಸ್ಕೊಂಡು ಇಟ್ಕೊಳ್ಳೋದು ಬೇಡ, ಕಾನ್ಫಿಡೆನ್ಷಿಯಾಲಿಟಿ ಅಂತ ಅದೇ ದೊಡ್ಡ ಕೇಸ್ ಆಗುತ್ತೆ. ರಿಪೋರ್ಟ್ ನಂಬರ್ ಬರ್ಕೊಂಡ್ರೆ ಸಾಕು.

ಇನ್ನೊಂದು, ನಿಮ್ಮ ಕಂಪ್ನೀಲಿ ಬೆಲ್ ಕರ್ವ್ ಇದೆಯಾ ಕೇಳ್ಕೊಳ್ಳಿ. ಏಳು ಜನದಲ್ಲಿ ಒಬ್ಬನಾದ್ರೂ ಕೆಳಗೆ ಇರ್ಲೇಬೇಕು ಅಂತ ರೂಲ್ ಇದ್ರೆ ನೀವು ಎಷ್ಟು ಚೆನ್ನಾಗಿ ಗೋಲ್ ಬರೆದ್ರೂ ಮಾರ್ಚಲ್ಲಿ ಒಬ್ಬನಿಗೆ ಸುಮ್‌ಸುಮ್ನೆ ಕಮ್ಮಿ ಕೊಡ್ಬೇಕಾಗುತ್ತೆ. ಮೈಕ್ರೋಸಾಫ್ಟಂಥ ಕಂಪ್ನೀನೇ 2013ರಲ್ಲಿ ಇದನ್ನ ಕೈಬಿಡ್ತು, ಒಂದೇ ಟೀಮಲ್ಲಿ ಇರೋರು ಒಬ್ರನ್ನೊಬ್ರು ಸೋಲಿಸೋಕೆ ನೋಡ್ತಾರೆ ಅನ್ನೋ ದೂರು ವರ್ಷಗಳಿಂದ ಇತ್ತು. ಇದ್ರೆ ಏಪ್ರಿಲಲ್ಲೇ ಟೀಮಿಗೆ ನೇರವಾಗಿ ಹೇಳಿಬಿಡಿ. ಗೋಲೆಲ್ಲ ಮುಗಿಸಿದ್ರೂ ಯಾಕೆ 3 ಅಂತ ಕೇಳ್ದಾಗ "ಕರ್ವ್ ಫಿಟ್ ಆಗ್ಬೇಕಿತ್ತು" ಅನ್ನೋದು ಆಮೇಲೆ ಗೊತ್ತಾದ್ರೆ ಮನಸ್ಸು ಮುರಿದುಹೋಗುತ್ತೆ, ಆಮೇಲೆ ಯಾವ ಗೋಲ್ ಶೀಟ್ ಕೊಟ್ಟರೂ ಆ ಮನುಷ್ಯ ಓದೋದೇ ಇಲ್ಲ.

ಕಚೇರಿ_ಕಡತ:

ನಾನು ಸರ್ಕಾರಿ ನೌಕರ, ಒಂದೇ ಮಾತು ಸೇರಿಸ್ತೀನಿ. ನಮ್ಮಲ್ಲಿ ಮೊದ್ಲು ವಾರ್ಷಿಕ ವರದಿಯಲ್ಲಿ ಕೆಟ್ಟದು ಬರ್ದಿದ್ರೆ ಮಾತ್ರ ನೌಕರನಿಗೆ ತಿಳಿಸೋರು. "ಉತ್ತಮ" ಅಂತ ಬರ್ದು ಸುಮ್ನಿದ್ರೆ ಅದೂ ಪ್ರಮೋಷನ್ ತಪ್ಪಿಸ್ತಿತ್ತು, ಯಾಕಂದ್ರೆ ಬೇಕಾಗಿದ್ದು "ಅತ್ಯುತ್ತಮ". 2008ರಲ್ಲಿ ದೇವ್ ದತ್ತ್ ಕೇಸಲ್ಲಿ ಸುಪ್ರೀಂ ಕೋರ್ಟು, ಒಳ್ಳೇದಿರ್ಲಿ ಕೆಟ್ಟದಿರ್ಲಿ ಪ್ರತಿ ಎಂಟ್ರಿಯನ್ನೂ ನೌಕರನಿಗೆ ತಿಳಿಸ್ಲೇಬೇಕು, ಅವನಿಗೆ ಆಕ್ಷೇಪಣೆ ಹೇಳೋ ಅವಕಾಶ ಇರ್ಬೇಕು ಅಂತ ತೀರ್ಪು ಕೊಡ್ತು. 2013ರಲ್ಲಿ ಸುಖದೇವ್ ಸಿಂಗ್ ಕೇಸಲ್ಲಿ ಮೂರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿ ಹಿಡೀತು. ಪ್ರೈವೇಟ್ ಕಂಪ್ನಿಗೆ ಈ ತೀರ್ಪು ಅನ್ವಯಿಸಲ್ಲ, ಆದ್ರೆ ತತ್ವ ಎಲ್ಲ ಕಡೆ ಒಂದೇ. ನೀವು ಬರೆಯೋ ಪ್ರತಿ ಪುಟವನ್ನೂ ಆ ಮನುಷ್ಯನಿಗೆ ತೋರ್ಸಿ, ಅವನು ಒಪ್ಪದಿದ್ರೆ ಅವನ ಮಾತನ್ನೂ ಅದೇ ಪುಟದಲ್ಲಿ ಬರ್ಕೊಳ್ಳಿ.

ಪೀಣ್ಯ_ಕ್ಯೂಸಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಬರೀತೀರಾ ಅಂತ ಅಂದ್ಕೊಂಡಿರ್ಲಿಲ್ಲ. ಬೆಲ್ ಕರ್ವ್ ಕೇಳ್ದೆ, ನಮ್ಮಲ್ಲಿ ಇಲ್ವಂತೆ, ಪ್ಲಾಂಟ್ ಹೆಡ್ ಒಂದು ಸಲ ನೋಡಿ ಸೈನ್ ಮಾಡ್ತಾರೆ ಅಷ್ಟೇ. ಮೆಟರ್ನಿಟಿ ಬಗ್ಗೆ ಎಚ್‌ಆರ್‌ಗೆ ಮೇಲ್ ಹಾಕ್ದೆ, ಜುಲೈವರೆಗೆ ಬೇರೆ ಶೀಟ್ ಮಾಡೋಕೆ ಒಪ್ಪಿದಾರೆ. ನವೆಂಬರ್‌ದು ಲಾಟ್ ನಂಬರ್, ರಿಪೋರ್ಟ್ ನಂಬರ್ ಹುಡ್ಕಿ ತೆಗೆದು ಬರ್ದೆ, ಪ್ಲಾಂಟ್ ಹೆಡ್‌ಗೆ ಕಾಪಿ ಹಾಕಿದೀನಿ, ಹುಡ್ಗನಿಗೂ ಕೊಟ್ಟೆ. ಎರಡು ಸಲ ಓದಿ ಮಡಚಿ ಜೇಬಲ್ಲಿ ಇಟ್ಕೊಂಡ.

ಲೈನ್ ಇನ್‌ಸ್ಪೆಕ್ಟರ್‌ಗೆ ಡ್ರಾಫ್ಟ್ ಹೀಗೆ ಮಾಡಿದೀನಿ: ಪ್ಯಾಟ್ರೋಲ್ ಚೆಕ್ ಎಂಟ್ರಿ ಹೋದ್ ಮೂರ್ ತಿಂಗಳ ಶೀಟ್ ಎಣಿಸ್ದೆ, 82 ಪರ್ಸೆಂಟ್ ಬಂತು, ಟಾರ್ಗೆಟ್ ಸೆಪ್ಟೆಂಬರಿಗೆ 95, ವೆಯ್ಟೇಜ್ 30. ಫಸ್ಟ್ ಪೀಸ್ ಅಪ್ರೂವಲ್ ಇಲ್ದೆ ಲೈನ್ ಓಡಿದ್ದು ಸೊನ್ನೆ, ವೆಯ್ಟೇಜ್ 20. ಸ್ಟೇಜ್ ತಪ್ಪಿಸ್ಕೊಂಡು ಹೋಗಿದ್ದು ಹೋದ್ ವರ್ಷ ಹನ್ನೊಂದು, ಈ ವರ್ಷ ಐದರೊಳಗೆ, ವೆಯ್ಟೇಜ್ 20. ಔಟ್ ಬಂದಾಗ ರಿಯಾಕ್ಷನ್ ಪ್ಲಾನ್ ಪೂರ್ತಿ ಮಾಡಿದ್ದು, ವೆಯ್ಟೇಜ್ 10. 5ಎಸ್‌ಗೆ 20, ಎಚ್‌ಆರ್ ಕಡ್ಡಾಯ ಅಂದಿದಾರೆ. ಸಿಎಂಎಂ ಕಲಿಯೋದನ್ನ ಆ ಹುಡ್ಗನಿಗೇ ಕೊಡೋಣ ಅಂತಿದೀನಿ, ಮೇಡಂ ಕೂಡ ಜುಲೈ ಒಳಗೆ ಕಲಿಸ್ತೀನಿ ಅಂದಿದಾರೆ. ಆದ್ರೆ ಸೀನಿಯರ್ ಸರ್ ಜೊತೆ ಇನ್ನೂ ಕೂತಿಲ್ಲ, ಹಿಂಜರಿಕೆ ಆಗ್ತಿದೆ.

ಮೈಕ್ರಾನ್_ಮಾಸ್ಟರ್:

ಡ್ರಾಫ್ಟ್ ಚೆನ್ನಾಗಿದೆ. 82ರಿಂದ ನೇರ 95 ಅಂದ್ರೆ ಆ ಉಳಿದ 18 ಯಾಕೆ ತಪ್ಪಿದೆ ಅಂತ ಮೊದ್ಲು ನೋಡಿ. ಒಬ್ನೇ ಮೂರ್ ಲೈನ್ ನೋಡ್ತಿದ್ರೆ ಎರಡು ಗಂಟೆಗೊಮ್ಮೆ ಸುತ್ತು ಮುಗಿಯೋಕೇ ಸಾಧ್ಯ ಇಲ್ದೆ ಇರ್ಬಹುದು, ಆಗ ಜನ ಎಂಟ್ರಿಯನ್ನ ಟೇಬಲ್ ಹತ್ರ ಕೂತು ತುಂಬ್ತಾರೆ, ಅದು ಎಂಟ್ರಿ ಇಲ್ದೆ ಇರೋದಕ್ಕಿಂತ ಅಪಾಯ. ಒಂದು ಶಿಫ್ಟ್ ಪೂರ್ತಿ ಅವ್ನ ಜೊತೆ ನೀವೇ ನಡೀರಿ, ಗೊತ್ತಾಗುತ್ತೆ.

5ಎಸ್ ಕಡ್ಡಾಯ ಇರ್ಲಿ, 20 ಯಾಕೆ, 5 ಮಾಡಿ. ಉಳಿದ 15ನ್ನ ರಿಯಾಕ್ಷನ್ ಪ್ಲಾನ್‌ಗೆ ಸೇರ್ಸಿ 25 ಮಾಡಿ, ನವೆಂಬರಲ್ಲಿ ಅವ್ನು ಮಾಡಿದ ಕೆಲ್ಸ ಬರೋದೇ ಅಲ್ಲಿ. ಅದರ ಕೆಳಗೆ ಒಂದು ಸಾಲು ಬರೀರಿ, "ಸಂಶಯ ಇದ್ದಾಗ ಲಾಟ್ ಹೋಲ್ಡ್ ಮಾಡುವ ಅಧಿಕಾರ ಇನ್‌ಸ್ಪೆಕ್ಟರ್‌ಗೆ ಇದೆ" ಅಂತ. ನಾವು ಕಂಡುಹಿಡಿದಿದ್ದಲ್ಲ ಅದು, ಐಎಟಿಎಫ್ 5.3.2ರಲ್ಲೇ ಇದೆ, ಡಿಸ್ಪ್ಯಾಚ್ ನಿಲ್ಸೋಕೂ ಪ್ರೊಡಕ್ಷನ್ ನಿಲ್ಸೋಕೂ ಅಧಿಕಾರ ಕೊಟ್ಟಿರ್ಬೇಕು, ಎಲ್ಲ ಶಿಫ್ಟಲ್ಲೂ ಅಂಥ ಒಬ್ರು ಇರ್ಬೇಕು ಅನ್ನುತ್ತೆ. ಆ ಪುಟಕ್ಕೆ ಪ್ರೊಡಕ್ಷನ್ ಮ್ಯಾನೇಜರ್ ಸೈನೂ ಹಾಕ್ಸಿ, ಮುಂದಿನ ಸಲ ಗಾಡಿ ನಿಂತಿದ್ದಾಗ ಹುಡ್ಗ ಒಬ್ನೇ ನಿಂತು ಬೈಸ್ಕೋಬಾರ್ದು.

ಸೀನಿಯರ್ ಸರ್ ಹತ್ರ ಶೀಟ್ ತಗೊಂಡು ಹೋಗ್ಬೇಡಿ, ಖಾಲಿ ಕಾಗದ ತಗೊಂಡು ಹೋಗಿ. "ಸರ್, ಕಂಪ್ಲೇಂಟ್ ಬಂದ ಒಂದು ದಿನದೊಳಗೆ ಕಂಟೇನ್‌ಮೆಂಟ್ (ಕೆಟ್ಟ ಮಾಲು ಮುಂದೆ ಹೋಗದ ಹಾಗೆ ತಡೆದಿದ್ದರ ವಿವರ) ಕಳ್ಸೋದು ನಿಮಗೆ ನೀರು ಕುಡಿದಂಗೆ, ಇದನ್ನ ಇನ್ನಿಬ್ರಿಗೆ ಕಲಿಸೋಕೆ ಎಷ್ಟು ಟೈಮ್ ಬೇಕು, ಏನೇನ್ ಬೇಕು, ನೀವೇ ಹೇಳಿ ನಾನ್ ಬರ್ಕೊತೀನಿ" ಅನ್ನಿ. ಅವ್ರು ಹೇಳ್ದಾಗ ತಾರೀಕು ಬರ್ಕೊಳ್ಳಿ, ಆ ಇಬ್ರು ತಾವೇ ಕೂತು ಒಂದು 8ಡಿ (ಕಂಪ್ಲೇಂಟಿನ ಕಾರಣ ಹುಡ್ಕಿ ಸರಿಪಡಿಸಿದ್ದರ ಎಂಟು ಹಂತದ ರಿಪೋರ್ಟ್) ಪೂರ್ತಿ ಬರ್ದು ಕಸ್ಟಮರ್ ಒಪ್ಪಿದ್ರೆ ಗೋಲ್ ಮುಗೀತು ಅಂತ ಅವರ ಎದುರೇ ಬರ್ಕೊಳ್ಳಿ. ಸೈನ್ ಮಾತ್ರ ಮೊದ್ಲು ನೀವು ಹಾಕಿ, ಆಮೇಲೆ ಅವರ ಕೈಗೆ ಪೆನ್ ಕೊಡಿ.